ಲಾಭಾಪೇಕ್ಷೆಯೂ ಯಂತ್ರಶಿಲ್ಪದ ಮುನ್ನಡೆಯೂ: ಕಾರ್ನ್‌ವಾಲ್ ಗಣಿಗಳ ಉಗಿಯಂತ್ರಗಳಿಂದ ಒಂದು ನಿದರ್ಶನ

ಲಾಭದ ಆಸೆಯು ಯಂತ್ರಶಿಲ್ಪದ ಮುನ್ನಡೆಗೆ ನೆರವಾಗುವುದೋ ಅಡ್ಡಿಯಾಗುವುದೋ ಎಂಬುದು ಬಹುಕಾಲದಿಂದ ಚರ್ಚೆಗೊಳಗಾಗುತ್ತ ಬಂದಿರುವ ಪ್ರಶ್ನೆ. ಲಾಭವಿಲ್ಲದಿದ್ದರೆ ಯಾರು ತಾನೆ ಹಣವನ್ನೂ ಆಯುಷ್ಯವನ್ನೂ ತೆತ್ತು ಹೊಸದನ್ನು ಕಂಡುಹಿಡಿಯಲು ಹೊರಡುವರೆಂದು ಒಂದು ಪಕ್ಷದವರು ಕೇಳುತ್ತಾರೆ. ಲಾಭದ ಮೇಲೆ ಕಣ್ಣಿಟ್ಟವನು ತಾನು ಕಂಡುಕೊಂಡುದನ್ನು ಬಚ್ಚಿಡುವನೇ ಹೊರತು ಹಂಚುವುದುಂಟೇ ಎಂದು ಮತ್ತೊಂದು ಪಕ್ಷದವರು ಮರುಪ್ರಶ್ನೆ ಹಾಕುತ್ತಾರೆ. ಎರಡೂ ಮಾತು ಕೇಳುವುದಕ್ಕೆ ಸರಿಯಾಗಿಯೇ ತೋರುತ್ತವೆ. ಆದುದರಿಂದಲೇ ಚರ್ಚೆ ಮುಂದೆ ಸಾಗದೆ ನಿಂತಲ್ಲಿಯೇ ನಿಂತಿದೆ. ಇಂತಹ ಪ್ರಶ್ನೆಯನ್ನು ತತ್ತ್ವದ ಎತ್ತರದಿಂದ ಇಳಿಸಿ, ಒಂದು ಕಾಲ, ಒಂದು ಸ್ಥಳ, ಒಂದು ಯಂತ್ರ ಇವುಗಳಿಗೆ ಕಟ್ಟಿಹಾಕಿ ಪರೀಕ್ಷಿಸುವುದು ಇತಿಹಾಸದ ಅಭ್ಯಾಸಿಗಳಾದ ನಮಗೆ ಉಚಿತವೆನಿಸುತ್ತದೆ.

ನಾವು ಆರಿಸಿಕೊಂಡಿರುವುದು ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಪ್ರಾಂತವನ್ನು. ಯಂತ್ರ, ಗಣಿಯ ನೀರನ್ನು ಮೇಲೆತ್ತುವ ಉಗಿಯಂತ್ರ. ಈ ಆಯ್ಕೆಗೆ ಕಾರಣವುಂಟು. ಇದೇ ಸ್ಥಳದಲ್ಲಿ, ಇದೇ ಯಂತ್ರದ ವಿಷಯದಲ್ಲಿ, ಸುಮಾರು 70 ವರ್ಷಗಳ ಅವಧಿಯೊಳಗೆ ಲಾಭವನ್ನು ಗಳಿಸುವ ಎರಡು ಬೇರೆ ಬೇರೆ ಏರ್ಪಾಡುಗಳು ಒಂದಾದಮೇಲೊಂದು ನಡೆದುಹೋದುವು. ಎರಡರ ಫಲವನ್ನೂ ಅಂಕೆಗಳಲ್ಲಿ ಅಳೆಯಲು ಸಾಧ್ಯವಿದೆ. ಇತಿಹಾಸವು ಇಷ್ಟು ಅನುಕೂಲವಾದ ಪ್ರಯೋಗಶಾಲೆಯನ್ನು ನಮಗೆ ಒದಗಿಸುವುದು ಅಪರೂಪ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರಮಾಡಬೇಕು. ಉಗಿಯಂತ್ರವನ್ನು ಜೇಮ್ಸ್ ವಾಟ್ ಕಂಡುಹಿಡಿದನೆಂದು, ಅದೂ ಕುದಿಯುವ ಕೆಟಲಿನ ಮುಚ್ಚಳವು ಎದ್ದು ಬೀಳುವುದನ್ನು ನೋಡಿ ಕಂಡುಹಿಡಿದನೆಂದು ನಮ್ಮ ಪದವಿ ತರಗತಿಗಳ ಉತ್ತರಪತ್ರಿಕೆಗಳಲ್ಲಿ ಇಂದಿಗೂ ಬರೆಯುವವರಿದ್ದಾರೆ. ಅದಕ್ಕೆ ಅಂಕವನ್ನು ಕೊಡುವ ಅಧ್ಯಾಪಕರೂ ಇದ್ದಾರೆ. ವಾಸ್ತವವಾಗಿ ವಾಟನು ಹುಟ್ಟುವುದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಡಾರ್ಟ್‌ಮತ್ ಊರಿನ ಕಬ್ಬಿಣದ ವ್ಯಾಪಾರಿ ಥಾಮಸ್ ನ್ಯೂಕಮೆನ್ ಎಂಬುವನು ಡಡ್ಲಿ ಕೋಟೆಯ ಸಮೀಪದ ಕಲ್ಲಿದ್ದಲ ಗಣಿಯಲ್ಲಿ ನೀರೆತ್ತುವ ಉಗಿಯಂತ್ರವನ್ನು ನಿಲ್ಲಿಸಿದ್ದನು. ಆತನಿಗೂ ಆ ಯಂತ್ರದ ಮೇಲೆ ಸ್ವಂತ ಪೇಟೆಂಟು ದೊರೆಯಲಿಲ್ಲ. ಬೆಂಕಿಯ ಬಲದಿಂದ ನೀರೆತ್ತುವ ಸಕಲ ಉಪಾಯಗಳ ಮೇಲೂ ಥಾಮಸ್ ಸೇವರಿ ಎಂಬುವನು 1698ರಲ್ಲಿಯೇ ಪೇಟೆಂಟು ಪಡೆದು, ಮರುವರ್ಷ ಪಾರ್ಲಿಮೆಂಟಿನ ಕಾಯಿದೆಯ ಮೂಲಕ ಅದನ್ನು 1733ರವರೆಗೆ ವಿಸ್ತರಿಸಿಕೊಂಡಿದ್ದನು. ಸೇವರಿಯ ಯಂತ್ರವು ಆಳವಾದ ಗಣಿಗಳಲ್ಲಿ ಕೆಲಸಕ್ಕೆ ಬಾರದಿದ್ದರೂ ಅವನ ಹಕ್ಕುಪತ್ರ ಮಾತ್ರ ಚೆನ್ನಾಗಿಯೇ ಕೆಲಸಮಾಡಿತು. ನ್ಯೂಕಮೆನ್ ಅದರ ನೆರಳಿನಲ್ಲಿಯೇ ವ್ಯವಹರಿಸಬೇಕಾಯಿತು.

ನ್ಯೂಕಮೆನ್ ಯಂತ್ರದ ಕ್ರಮ ಸರಳ. ಸಿಲಿಂಡರಿನೊಳಕ್ಕೆ ಉಗಿಯನ್ನು ತುಂಬಿ, ಬಳಿಕ ಅಲ್ಲಿಗೇ ತಣ್ಣೀರನ್ನು ಚಿಮ್ಮಿಸಿದರೆ ಉಗಿಯು ನೀರಾಗಿ ಒಳಗೆ ಶೂನ್ಯವು ಉಂಟಾಗುತ್ತದೆ. ಹೊರಗಿನ ವಾಯುಭಾರವು ಪಿಸ್ಟನನ್ನು ಕೆಳಕ್ಕೆ ಒತ್ತುತ್ತದೆ. ಒಂದೊಂದು ಸಲವೂ ಸಿಲಿಂಡರನ್ನು ತಣಿಸಿ ಮತ್ತೆ ಕಾಯಿಸಬೇಕಾದುದರಿಂದ ಕಲ್ಲಿದ್ದಲು ಅಪಾರವಾಗಿ ಖರ್ಚಾಗುತ್ತಿದ್ದಿತು. ಉರಿಸಿದ ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಕೂಡ ನೀರೆತ್ತುವ ಕೆಲಸವಾಗಿ ಪರಿಣಮಿಸುತ್ತಿರಲಿಲ್ಲ. ಕಲ್ಲಿದ್ದಲ ಗಣಿಯ ಬಾಯಿಯಲ್ಲಿಯೇ ಯಂತ್ರವಿದ್ದರೆ ಇದರಿಂದ ಹೆಚ್ಚಿನ ಬಾಧೆಯಿಲ್ಲ; ಮಾರಲಾಗದ ಪುಡಿಯನ್ನು ಉರಿಸಿದರಾಯಿತು. ಕಾರ್ನ್‌ವಾಲಿನ ಪರಿಸ್ಥಿತಿ ಬೇರೆ. ಅಲ್ಲಿ ತಾಮ್ರ ಮತ್ತು ತವರದ ಅದಿರು ಹೇರಳ, ಕಲ್ಲಿದ್ದಲು ಇಲ್ಲವೇ ಇಲ್ಲ. ದಕ್ಷಿಣ ವೇಲ್ಸಿನಿಂದ ಹಡಗಿನಲ್ಲಿ ತರಿಸಬೇಕು. ಗಣಿ ಆಳವಾದಷ್ಟೂ ನೀರು ಹೆಚ್ಚು, ನೀರು ಹೆಚ್ಚಾದಷ್ಟೂ ಕಲ್ಲಿದ್ದಲು ಹೆಚ್ಚು. ಆ ಲೆಕ್ಕ ತಪ್ಪಿದರೆ ಗಣಿಯನ್ನು ಮುಚ್ಚಿ, ಅದನ್ನು ನಂಬಿದ ಕುಟುಂಬಗಳು ಬೇರೆ ದಾರಿ ಹಿಡಿಯಬೇಕು. ಇಂಧನದ ಉಳಿತಾಯವು ಅಲ್ಲಿ ವಿಜ್ಞಾನಿಯ ಕುತೂಹಲದ ವಿಷಯವಾಗಿರಲಿಲ್ಲ, ಅನ್ನದ ಪ್ರಶ್ನೆಯಾಗಿತ್ತು.

ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಉಪಕರಣಗಳನ್ನು ತಯಾರಿಸಿಕೊಡುತ್ತಿದ್ದ ವಾಟನ ಕೈಗೆ 1763-64ರ ಚಳಿಗಾಲದಲ್ಲಿ ನ್ಯೂಕಮೆನ್ ಯಂತ್ರದ ಚಿಕ್ಕ ಮಾದರಿಯೊಂದು ದುರಸ್ತಿಗಾಗಿ ಬಂದಿತು. 1765ರಲ್ಲಿ ಆತನಿಗೆ ಪರಿಹಾರ ಹೊಳೆಯಿತು: ಉಗಿಯನ್ನು ಸಿಲಿಂಡರಿನಲ್ಲಿ ತಣಿಸದೆ, ಅದಕ್ಕೆ ಜೋಡಿಸಿದ ಬೇರೊಂದು ಪಾತ್ರೆಗೆ ಎಳೆದುಕೊಂಡು ಅಲ್ಲಿ ತಣಿಸುವುದು. ಸಿಲಿಂಡರು ಸದಾ ಬಿಸಿಯಾಗಿ, ಕಂಡೆನ್ಸರು ಎನಿಸಿದ ಆ ಪಾತ್ರೆ ಸದಾ ತಂಪಾಗಿ ಇರುವಂತಾಯಿತು. ಯೋಚನೆ ಹೊಳೆದದ್ದು 1765ರಲ್ಲಿ. ಕೊಂಡವರ ಕೈಯಲ್ಲಿ ಯಂತ್ರ ನಡೆದದ್ದು 1776ರಲ್ಲಿ. ನಡುವಣ ಈ 11 ವರ್ಷಗಳ ಕಥೆಯೇ ಲಾಭಾಪೇಕ್ಷೆಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಸಾಕ್ಷ್ಯವೆಂದು ನಮ್ಮ ಅಭಿಪ್ರಾಯ.

ವಾಟನ ಬಳಿ ಹಣವಿರಲಿಲ್ಲ, ಸಾಲವಿತ್ತು. ಜಾನ್ ರೋಬಕ್ ಎಂಬ ಉದ್ಯಮಿಯು ಆ ಸಾಲವನ್ನೂ ಪೇಟೆಂಟಿನ ವೆಚ್ಚವನ್ನೂ ಹೊತ್ತುಕೊಂಡು ಪ್ರತಿಯಾಗಿ ಮೂರರಲ್ಲಿ ಎರಡು ಪಾಲನ್ನು ಪಡೆದನು. 1769ರ ಜನವರಿಯಲ್ಲಿ ಪೇಟೆಂಟು ಬಂದಿತು. ಯಂತ್ರ ಬರಲಿಲ್ಲ. ಒಳಮೈ ದುಂಡಗೂ ನುಣುಪಾಗಿಯೂ ಇರುವಂತಹ ದೊಡ್ಡ ಸಿಲಿಂಡರನ್ನು ಕೊರೆಯಬಲ್ಲವರೇ ಇರಲಿಲ್ಲ. ವಾಟನು ಹೊಟ್ಟೆಪಾಡಿಗಾಗಿ ಕಾಲುವೆಗಳ ಮೋಜಣಿ ಮಾಡುತ್ತ ವರ್ಷಗಳನ್ನು ಕಳೆದನು. 1773ರಲ್ಲಿ ರೋಬಕ್ ದಿವಾಳಿಯಾದನು. ಬರ್ಮಿಂಗ್‌ಹ್ಯಾಮಿನ ಸೋಹೋ ಕಾರ್ಖಾನೆಯ ಒಡೆಯ ಮ್ಯಾಥ್ಯೂ ಬೋಲ್ಟನ್ ಅವನ ಪಾಲನ್ನು ವಹಿಸಿಕೊಂಡಿರದಿದ್ದರೆ ವಾಟನ ಹೆಸರು ಕಾಲುವೆಗಳ ದಾಖಲೆಗಳಲ್ಲಿ ಮಾತ್ರ ಉಳಿದಿರುತ್ತಿತ್ತು. ಇದೇ ಬೋಲ್ಟನ್‌ಗೆ 1769ರಲ್ಲಿ ಮೂರು ಜಿಲ್ಲೆಗಳ ಮಟ್ಟಿಗೆ ಯಂತ್ರವನ್ನು ತಯಾರಿಸುವ ಹಕ್ಕನ್ನು ನೀಡುವ ಸೂಚನೆ ಬಂದಿದ್ದಾಗ ಆತನು ಒಪ್ಪಿರಲಿಲ್ಲ. ಬರಿಯ ಮೂರು ಜಿಲ್ಲೆಗಳಿಗಾಗಿ ಮಾಡುವುದು ಲಾಭಕರವಲ್ಲ, ಇಡೀ ಜಗತ್ತಿಗಾಗಿ ಮಾಡುವುದಾದರೆ ಮಾತ್ರ ತಕ್ಕುದೆಂದು ತಿಳಿಸಿದ್ದನು. ಲೋಭವೆಂದಾದರೂ ಕರೆಯಿರಿ, ದೂರದೃಷ್ಟಿಯೆಂದಾದರೂ ಕರೆಯಿರಿ. ಅದಿಲ್ಲದಿದ್ದರೆ ಕಂಡೆನ್ಸರು ಮೇಜಿನ ಮೇಲಿನ ಮಾದರಿಯಾಗಿಯೇ ಉಳಿಯುತ್ತಿತ್ತು.

14 ವರ್ಷಗಳ ಪೇಟೆಂಟಿನಲ್ಲಿ 6 ವರ್ಷ ಆಗಲೇ ಕಳೆದುಹೋಗಿದ್ದುವು. ಉಳಿದ ಅವಧಿಯಲ್ಲಿ ಬಂಡವಾಳವು ಹಿಂದಿರುಗದೆಂದು ಬೋಲ್ಟನ್ ಮತ್ತು ವಾಟ್ ಪಾರ್ಲಿಮೆಂಟಿಗೆ ಅರ್ಜಿ ಹಾಕಿದರು. ಎಡ್ಮಂಡ್ ಬರ್ಕ್ ಇದನ್ನು ಏಕಸ್ವಾಮ್ಯವೆಂದು ವಿರೋಧಿಸಿದನು. ಆದರೂ 1775ರ ಕಾಯಿದೆಯು ಅವರಿಗೆ ಮತ್ತೆ 25 ವರ್ಷಗಳ ಹಕ್ಕನ್ನು, ಎಂದರೆ 1800ರವರೆಗೆ, ದಯಪಾಲಿಸಿತು. ಅದೇ ಸುಮಾರಿಗೆ, ಫಿರಂಗಿಗಳನ್ನು ಕೊರೆಯುವುದರಲ್ಲಿ ನಿಪುಣನಾಗಿದ್ದ ಜಾನ್ ವಿಲ್ಕಿನ್‌ಸನ್ ತನ್ನ ಕೊರೆಯುವ ವಿಧಾನವನ್ನು ಸಿಲಿಂಡರುಗಳಿಗೂ ಅಳವಡಿಸಿದುದರಿಂದ ಯಂತ್ರಕ್ಕೆ ದೇಹ ಬಂದಿತು. 1777ರಲ್ಲಿ ಅದು ಕಾರ್ನ್‌ವಾಲನ್ನು ಪ್ರವೇಶಿಸಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಹಳೆಯ ಯಂತ್ರಗಳಲ್ಲಿ ಬಹುಪಾಲನ್ನು ಹೊರದೂಡಿತು.

ಇಲ್ಲಿ ಅವರು ಲಾಭವನ್ನು ಗಳಿಸಿದ ರೀತಿಯನ್ನು ಗಮನಿಸಬೇಕು. ಬೋಲ್ಟನ್ ಮತ್ತು ವಾಟ್ ಬಹುಕಾಲ ಇಡೀ ಯಂತ್ರವನ್ನು ತಾವೇ ಮಾಡಿ ಮಾರುತ್ತಿರಲಿಲ್ಲ. ನಕ್ಷೆಗಳನ್ನೂ ಕೆಲವು ನಾಜೂಕಾದ ಭಾಗಗಳನ್ನೂ ಮೇಲ್ವಿಚಾರಣೆಗೆ ಒಬ್ಬ ಶಿಲ್ಪಿಯನ್ನೂ ಒದಗಿಸುತ್ತಿದ್ದರು. ಉಳಿದ ವೆಚ್ಚ ಗಣಿಯವರದು. ಪ್ರತಿಫಲವಾಗಿ, ಅಷ್ಟೇ ಕೆಲಸವನ್ನು ಮಾಡುವ ನ್ಯೂಕಮೆನ್ ಯಂತ್ರಕ್ಕೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯುವುದೋ ಅದರ ಬೆಲೆಯಲ್ಲಿ ಮೂರರಲ್ಲಿ ಒಂದು ಪಾಲನ್ನು ವರ್ಷವರ್ಷವೂ ಪಡೆಯುತ್ತಿದ್ದರು. ಯಂತ್ರವು ಎಷ್ಟು ಸಲ ಆಡಿತೆಂಬುದನ್ನು ಎಣಿಸುವ ಉಪಕರಣವನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ತೊಲೆಗೆ ಬಿಗಿಯುತ್ತಿದ್ದರು. ಉಳಿಸಿಕೊಟ್ಟುದರಲ್ಲಿ ಮಾತ್ರ ಪಾಲು ಕೇಳುವ ಈ ಕ್ರಮವು ಮೇಲುನೋಟಕ್ಕೆ ನ್ಯಾಯವಾದುದೇ. ಆದರೆ ಅದರಲ್ಲಿ ಒಂದು ತೊಡಕು ಅಡಗಿತ್ತು. ಹೋಲಿಕೆ ಎಂದೆಂದಿಗೂ ನ್ಯೂಕಮೆನ್ ಯಂತ್ರದೊಡನೆ. ಬೇರೆ ಯಾವನಾದರೂ ವಾಟನ ಯಂತ್ರಕ್ಕಿಂತ ಮೇಲಾದುದನ್ನು ಮಾಡಿದರೂ ಅದರಲ್ಲಿ ಪ್ರತ್ಯೇಕ ಕಂಡೆನ್ಸರು ಇದ್ದಲ್ಲಿ ಕಾನೂನು ಅದನ್ನು ತಡೆಯುತ್ತಿತ್ತು. ಗಣಿಯವರ ಸಂಕಟವೂ ಬೆಳೆಯಿತು. ಆಂಗಲ್ಸೀ ದ್ವೀಪದ ಪ್ಯಾರಿಸ್ ಗುಡ್ಡದಲ್ಲಿ ನೆಲದ ಮೇಲೆಯೇ ದೊರೆತ ಅಗ್ಗದ ತಾಮ್ರವು ಪೇಟೆಯನ್ನು ತುಂಬಿ ಬೆಲೆ ಕುಸಿದಾಗಲೂ ವಾಟನ ಪಾಲು ನಿಲ್ಲಲಿಲ್ಲ. ಗಣಿಗೆ ನಷ್ಟವಾದ ವರ್ಷದಲ್ಲಿಯೂ ‘ಉಳಿತಾಯ’ವೆಂಬುದು ಲೆಕ್ಕದ ಪುಸ್ತಕದಲ್ಲಿ ಇದ್ದೇ ಇರುತ್ತಿತ್ತಷ್ಟೆ.

ಏಕಸ್ವಾಮ್ಯದಿಂದ ಆದ ಅಡ್ಡಿಗೆ ಜೋನಥನ್ ಹಾರ್ನ್‌ಬ್ಲೋವರನ ಪ್ರಕರಣ ಸ್ಪಷ್ಟ ಉದಾಹರಣೆ. ಆತನು 1781ರಲ್ಲಿ, ಉಗಿಯನ್ನು ಒಂದು ಸಿಲಿಂಡರಿನಲ್ಲಿ ದುಡಿಸಿದಮೇಲೆ ಅದೇ ಉಗಿಯನ್ನು ಎರಡನೆಯ, ಇನ್ನೂ ದೊಡ್ಡ ಸಿಲಿಂಡರಿನಲ್ಲಿ ಹಿಗ್ಗಿಸಿ ಮತ್ತೊಮ್ಮೆ ದುಡಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ತತ್ತ್ವ ಉತ್ತಮವಾದುದು, ಮುಂದಿನ ಶತಮಾನದಲ್ಲಿ ಹಡಗುಗಳ ಯಂತ್ರಗಳೆಲ್ಲ ಇದನ್ನೇ ಅನುಸರಿಸಿದುವು. ಆದರೆ ಕಂಡೆನ್ಸರಿಲ್ಲದೆ ಅದು ಆಗ ನಡೆಯುವಂತಿರಲಿಲ್ಲ. 1792ರಲ್ಲಿ ಹಾರ್ನ್‌ಬ್ಲೋವರ್ ತನ್ನ ಪೇಟೆಂಟನ್ನು ವಿಸ್ತರಿಸಬೇಕೆಂದು ಪಾರ್ಲಿಮೆಂಟನ್ನು ಬೇಡಿದಾಗ, ಹದಿನೇಳು ವರ್ಷಗಳ ಹಿಂದೆ ಅದೇ ವರವನ್ನು ಅಲ್ಲಿಯೇ ಪಡೆದಿದ್ದ ಬೋಲ್ಟನ್ ಮತ್ತು ವಾಟ್ ಅದನ್ನು ಎದುರಿಸಿ ಸೋಲಿಸಿದರು. ಆ ಬಳಿಕ ಎಡ್ವರ್ಡ್ ಬುಲ್, ಹಾರ್ನ್‌ಬ್ಲೋವರ್ ಮೊದಲಾದವರ ಮೇಲೆ ನ್ಯಾಯಾಲಯದಲ್ಲಿ ದಾವೆಗಳು ನಡೆದುವು. 1795ರಲ್ಲಿ ನಾಲ್ವರು ನ್ಯಾಯಾಧೀಶರು ಇಬ್ಬರಿಗೆ ಇಬ್ಬರಂತೆ ಒಡೆದರು. 1799ರಲ್ಲಿ ಕೊನೆಯ ತೀರ್ಪು ವಾಟನ ಕಡೆಗಾಯಿತು. ಅಷ್ಟು ಹೊತ್ತಿಗೆ ಪೇಟೆಂಟಿನ ಆಯುಷ್ಯ ಒಂದು ವರ್ಷವಷ್ಟೇ ಉಳಿದಿತ್ತು.

ಈ ಬಗೆಯ ಹಗ್ಗ ವಾಟನ ಕಾಲಿಗೂ ತೊಡರಿತೆಂಬುದು ಸ್ವಾರಸ್ಯದ ಸಂಗತಿ. ತೊಲೆಯ ಏರಿಳಿತವನ್ನು ಚಕ್ರದ ತಿರುಗುವಿಕೆಯಾಗಿ ಮಾರ್ಪಡಿಸಲು ಎಲ್ಲರಿಗಿಂತ ಸುಲಭವಾದ ಸಾಧನ ಕ್ರ್ಯಾಂಕು. ನೂಲುವ ರಾಟೆಯ ಪೆಡಲಿನಲ್ಲಿಯೂ ಅದುಂಟು. 1780ರಲ್ಲಿ ಜೇಮ್ಸ್ ಪಿಕಾರ್ಡ್ ಎಂಬುವನು ಉಗಿಯಂತ್ರಕ್ಕೆ ಅದನ್ನು ಜೋಡಿಸುವ ಪೇಟೆಂಟು ಪಡೆದುದರಿಂದ, ವಾಟನು ಮರುವರ್ಷ ಸೂರ್ಯನ ಸುತ್ತ ಗ್ರಹ ಸುತ್ತುವಂತೆ ಒಂದು ಹಲ್ಲುಚಕ್ರವು ಇನ್ನೊಂದರ ಸುತ್ತ ಚಲಿಸುವ ಕಷ್ಟದ ಏರ್ಪಾಡನ್ನು ಹೂಡಬೇಕಾಯಿತು. ಇದನ್ನು ಪೇಟೆಂಟಿನ ಕೊಡುಗೆಯೆಂದು ಹೊಗಳುವವರೂ ಇದ್ದಾರೆ, ಅಡ್ಡಿಯೇ ಹೊಸ ಉಪಾಯಕ್ಕೆ ತಾಯಿಯಾಯಿತೆಂದು. ಪಿಕಾರ್ಡನ ಹಕ್ಕು ಮುಗಿದಮೇಲೆ ಸೋಹೋದವರೂ ಕ್ರ್ಯಾಂಕಿಗೇ ಹಿಂದಿರುಗಿದರೆಂಬುದನ್ನು ಇಂಥವರು ಮರೆಯಬಾರದು.

ವಾಟನ ಏಕಸ್ವಾಮ್ಯವು ಉಗಿಯಂತ್ರದ ಪ್ರಗತಿಯನ್ನು ಕಾಲು ಶತಮಾನ ತಡೆಹಿಡಿಯಿತೆಂದು ಬೋಲ್ಡ್ರಿನ್ ಮತ್ತು ಲೆವೈನ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಸೆಲ್ಜಿನ್ ಮತ್ತು ಟರ್ನರ್ ಎಂಬುವರು ಇದನ್ನು ಖಂಡಿಸಿ, ಕಂಡೆನ್ಸರೇ ಇಲ್ಲದ ಅಧಿಕ ಒತ್ತಡದ ಯಂತ್ರವನ್ನು ಮಾಡಲು ಯಾರಿಗೂ ಅಡ್ಡಿಯಿರಲಿಲ್ಲವೆಂದು ತೋರಿಸಿದ್ದಾರೆ. ಈ ಖಂಡನೆಯಲ್ಲಿ ಹುರುಳಿದೆ. ವಾಟನು ಅಧಿಕ ಒತ್ತಡದ ಉಗಿಯನ್ನು ಅಪಾಯಕರವೆಂದು ಭಾವಿಸಿ ದೂರವಿಟ್ಟದ್ದು ನಿಜ. ಅವನ ನೌಕರನಾಗಿ ಕಾರ್ನ್‌ವಾಲಿನಲ್ಲಿದ್ದ ವಿಲಿಯಮ್ ಮರ್ಡಾಕ್ 1784ರ ಸುಮಾರಿಗೆ ಉಗಿಬಂಡಿಯ ಚಿಕ್ಕ ಮಾದರಿಯನ್ನು ಓಡಿಸಿದಾಗ ಒಡೆಯರು ಅವನನ್ನು ಗಣಿಯ ಕೆಲಸಕ್ಕೇ ಹಿಂದಿರುಗಿಸಿದ್ದೂ ನಿಜ. ಆದರೆ ಆ ಒತ್ತಡವನ್ನು ತಡೆಯಬಲ್ಲ ಬಾಯ್ಲರುಗಳನ್ನು ಮಾಡುವ ಲೋಹಶಿಲ್ಪವು 1780ರಲ್ಲಿ ಸಿದ್ಧವಾಗಿತ್ತೆಂದು ಹೇಳುವುದು ಕಷ್ಟ. ಎಲ್ಲ ವಿಳಂಬವನ್ನೂ ಪೇಟೆಂಟಿನ ತಲೆಗೆ ಕಟ್ಟುವುದು ಸುಲಭದ ಇತಿಹಾಸ.

ಇದಕ್ಕಿಂತ ಹೆಚ್ಚು ವಿಚಾರಾರ್ಹವಾದುದು 1800ರ ಮುಂದಿನ ಘಟನೆ. ಪೇಟೆಂಟು ತೀರಿತು, ಸೋಹೋದ ಪ್ರತಿನಿಧಿಗಳು ಕಾರ್ನ್‌ವಾಲನ್ನು ಬಿಟ್ಟು ಹೊರಟುಹೋದರು, ಯಾರು ಬೇಕಾದರೂ ಕಂಡೆನ್ಸರನ್ನು ಬಳಸಬಹುದಾಯಿತು. ಏಕಸ್ವಾಮ್ಯವೇ ಅಡ್ಡಿಯೆನ್ನುವವರ ವಾದದಂತೆ ಒಡನೆಯೇ ಪ್ರಗತಿಯ ಕಟ್ಟೆಯೊಡೆಯಬೇಕಾಗಿತ್ತು. ಹಾಗಾಗಲಿಲ್ಲ. ಮುಂದಿನ ಹತ್ತು ವರ್ಷಗಳಲ್ಲಿ ಗಣಿಯ ಯಂತ್ರಗಳು ಸುಧಾರಿಸುವುದಿರಲಿ, ಆರೈಕೆಯಿಲ್ಲದೆ ವಾಟನ ಕಾಲದ ಮಟ್ಟಕ್ಕಿಂತಲೂ ಕೆಳಗಿಳಿದುವು. ಬೀಗದ ಪೆಟ್ಟಿಗೆಯ ಲೆಕ್ಕ ಹೋಯಿತು, ಅದರೊಡನೆ ಯಂತ್ರವು ಹೇಗೆ ನಡೆಯುತ್ತಿದೆಯೆಂಬ ಅರಿವೂ ಹೋಯಿತು. ತಡೆಯನ್ನು ತೆಗೆದುಹಾಕಿದ ಮಾತ್ರಕ್ಕೆ ಯಾರಿಗೂ ಯಂತ್ರವನ್ನು ಉತ್ತಮಪಡಿಸಬೇಕೆಂಬ ಪ್ರೇರಣೆ ತಾನಾಗಿ ಹುಟ್ಟಲಿಲ್ಲ.

ತಿರುವು ಬಂದದ್ದು 1811ರಲ್ಲಿ. ಗಣಿಗಳ ಕೆಲವು ಪಾಲುದಾರರು ಒಂದುಗೂಡಿ, ತಮ್ಮ ಯಂತ್ರಗಳ ಕೆಲಸವನ್ನು ತಿಂಗಳು ತಿಂಗಳೂ ಅಳೆದು ಅಚ್ಚುಹಾಕಿಸಿ ಪ್ರಕಟಿಸಬೇಕೆಂದು ತೀರ್ಮಾನಿಸಿದರು. ನಂಬಿಕಸ್ಥನೆಂದು ಹೆಸರು ಪಡೆದಿದ್ದ ಜೋಯೆಲ್ ಲೀನ್ ಎಂಬ ಗಣಿಯ ಮೇಲ್ವಿಚಾರಕನಿಗೆ ಈ ಕೆಲಸವನ್ನು ಒಪ್ಪಿಸಲಾಯಿತು. ಮರುವರ್ಷವೇ ಆತನು ತೀರಿಕೊಂಡರೂ ಆತನ ಮಕ್ಕಳು ಅದನ್ನು ಮುಂದುವರಿಸಿದರು. ಅಳತೆಯ ಕ್ರಮ ಹೀಗೆ: ಒಂದು ಬುಷಲ್, ಎಂದರೆ 94 ಪೌಂಡು, ಕಲ್ಲಿದ್ದಲನ್ನು ಉರಿಸಿ ಎಷ್ಟು ಪೌಂಡು ನೀರನ್ನು ಒಂದು ಅಡಿ ಎತ್ತರಕ್ಕೆ ಏರಿಸಬಹುದು? ಅಲ್ಲಿನವರು ಇದನ್ನು ‘ಡ್ಯೂಟಿ’ ಎಂದು ಕರೆದರು. ನಾವು ಯಂತ್ರದ ದುಡಿಮೆ ಎನ್ನೋಣ. ವರದಿಯಲ್ಲಿ ಯಂತ್ರದ ದುಡಿಮೆಯ ಜೊತೆಗೆ ಸಿಲಿಂಡರಿನ ಅಳತೆ, ಗಣಿಯ ಆಳ, ಆಡಿದ ಸಂಖ್ಯೆ, ಕೊನೆಗೆ ಅದರ ಹೊಣೆ ಹೊತ್ತ ಶಿಲ್ಪಿಯ ಹೆಸರು ಇವೆಲ್ಲವೂ ಇರುತ್ತಿದ್ದುವು. ಬೀಗದ ಪೆಟ್ಟಿಗೆಯೊಳಗಿದ್ದ ಲೆಕ್ಕವು ಹೀಗೆ ಊರಿನ ಬಯಲಿಗೆ ಬಂದಿತು.

ಫಲವನ್ನು ಅಂಕೆಗಳೇ ಹೇಳುತ್ತವೆ. ಮೊದಲ ನ್ಯೂಕಮೆನ್ ಯಂತ್ರಗಳ ದುಡಿಮೆ ಸುಮಾರು 50 ಲಕ್ಷ. ಜಾನ್ ಸ್ಮೀಟನ್ ಅದೇ ಬಗೆಯ ಯಂತ್ರವನ್ನು ತಿದ್ದಿ ತೀಡಿ 1770ರ ದಶಕದಲ್ಲಿ ಅದನ್ನು ಸುಮಾರು ಇಮ್ಮಡಿಗೊಳಿಸಿದ್ದನು. ವಾಟನ ಒಳ್ಳೆಯ ಯಂತ್ರಗಳು 2 ಕೋಟಿಯನ್ನು ಮುಟ್ಟಿದುವು. 1811ರಲ್ಲಿ ಲೀನ್ ಅಳೆಯತೊಡಗಿದಾಗ ಸರಾಸರಿ 2 ಕೋಟಿಗಿಂತ ಕಡಿಮೆಯಿತ್ತು. 1840ರ ದಶಕದ ಆರಂಭದ ವೇಳೆಗೆ ಸರಾಸರಿಯೇ 6 ಕೋಟಿಯ ಸಮೀಪಕ್ಕೆ ಏರಿತ್ತು. 1835ರಲ್ಲಿ ಫೋವೀ ಕನ್ಸೋಲ್ಸ್ ಗಣಿಯಲ್ಲಿ ವಿಲಿಯಮ್ ವೆಸ್ಟನ ಯಂತ್ರವು ಸಾಕ್ಷಿಗಳ ಮುಂದೆ ನಡೆದ ಪರೀಕ್ಷೆಯಲ್ಲಿ 12 ಕೋಟಿ 50 ಲಕ್ಷದ ದುಡಿಮೆಯನ್ನು ತೋರಿಸಿತು. ಮೂವತ್ತು ವರ್ಷಗಳಲ್ಲಿ ಸರಾಸರಿಯು ಮೂರು ಪಟ್ಟು ಏರಿದ ಈ ಪ್ರಗತಿಯಲ್ಲಿ ಜಗತ್ತನ್ನು ಬೆರಗುಗೊಳಿಸುವಂತಹ ಏಕೈಕ ಉಪಜ್ಞೆ ಯಾವುದೂ ಇಲ್ಲ. ಬಾಯ್ಲರಿಗೆ ಹೊದಿಕೆ ಹೊದಿಸುವುದು, ಕವಾಟಗಳನ್ನು ತಿದ್ದುವುದು, ಉಗಿಯ ಒತ್ತಡವನ್ನು ತುಸು ಏರಿಸುವುದು, ಅದನ್ನು ತುಸು ಬೇಗ ಕಡಿದು ಹಿಗ್ಗಲು ಬಿಡುವುದು, ಹೀಗೆ ಒಬ್ಬನ ತಿದ್ದುಪಡಿಯ ಮೇಲೆ ಇನ್ನೊಬ್ಬನ ತಿದ್ದುಪಡಿ. ಆರ್ಥಿಕ ಇತಿಹಾಸಕಾರ ರಾಬರ್ಟ್ ಅಲೆನ್ 1983ರಲ್ಲಿ ಇಂತಹ ಕ್ರಮಕ್ಕೆ ‘ಸಾಮೂಹಿಕ ಉಪಜ್ಞೆ’ ಎಂದು ಹೆಸರಿಟ್ಟನು. ಕಾರ್ನ್‌ವಾಲಿನ ಯಂತ್ರಗಳು ಅದಕ್ಕೆ ಉತ್ತಮ ನಿದರ್ಶನವೆಂದು ಅಲೆಸ್ಸಾಂದ್ರೊ ನೂವೊಲಾರಿ ವಿಸ್ತಾರವಾಗಿ ತೋರಿಸಿದ್ದಾನೆ. ಯಂತ್ರಗಳು ಹೀಗೆ ಏರುತ್ತಿದ್ದ ಕಾಲದಲ್ಲಿಯೇ ಕಾರ್ನ್‌ವಾಲಿನವರು ಉಗಿಯಂತ್ರದ ಮೇಲೆ ಪೇಟೆಂಟು ಪಡೆಯುವುದು ತೀರ ಇಳಿದುಹೋಯಿತೆಂಬುದು ಅವನು ಬೆಳಕಿಗೆ ತಂದ ಸಂಗತಿ.

ಇದನ್ನು ನೋಡಿ, ಲಾಭವನ್ನು ಬಿಟ್ಟು ಪರೋಪಕಾರಕ್ಕೆ ಇಳಿದುದರಿಂದ ಕಾರ್ನ್‌ವಾಲಿನವರು ಮುಂದೆ ಬಂದರೆಂದು ಭಾವಿಸಿದರೆ ಅದು ಪೂರ್ಣ ತಪ್ಪು. ಆ ಗಣಿಗಳ ಪಾಲುದಾರರಷ್ಟು ಲಾಭವನ್ನು ಎಣಿಸುತ್ತಿದ್ದವರು ವಿರಳ. ಎಣಿಕೆಯ ಸ್ಥಾನ ಮಾತ್ರ ಬದಲಾಗಿತ್ತು. ಒಬ್ಬನೇ ಅನೇಕ ಗಣಿಗಳಲ್ಲಿ ಪಾಲು ಹೊಂದಿರುತ್ತಿದ್ದುದರಿಂದ ಒಂದು ಗಣಿಯ ಸುಧಾರಣೆ ಮತ್ತೊಂದಕ್ಕೆ ಹರಿದರೆ ಅವನಿಗೆ ಲಾಭವೇ. ತಾಮ್ರದ ಅದಿರಿನ ಬೆಲೆಯನ್ನು ನಿರ್ಧರಿಸುತ್ತಿದ್ದವರು ಸ್ವಾನ್ಸೀ ಕಡೆಯ ಅದಿರು ಕರಗಿಸುವ ವ್ಯಾಪಾರಿಗಳು. ನೆರೆಯ ಗಣಿಯು ಅಗ್ಗವಾಗಿ ನೀರೆತ್ತಿತೆಂದು ತನ್ನ ಅದಿರಿನ ಬೆಲೆ ಇಳಿಯುವ ಭಯವಿರಲಿಲ್ಲ. ನೆರೆಯವನ ಗಣಿಯ ನೀರು ಬತ್ತಿದರೆ ತನ್ನ ಗಣಿಯ ನೀರೂ ಕೊಂಚ ಇಳಿಯುವುದೆಂಬ ಸೌಕರ್ಯ ಬೇರೆ. ಇನ್ನು ಶಿಲ್ಪಿಗಳು ಒಂದೇ ಗಣಿಯ ಆಳುಗಳಾಗಿರದೆ ಹಲವು ಗಣಿಗಳ ಕೆಲಸವನ್ನು ಒಪ್ಪಿಕೊಳ್ಳುತ್ತಿದ್ದರು. ಲೀನ್ ವರದಿಯಲ್ಲಿ ಯಾರ ಹೆಸರಿನ ಎದುರಿಗೆ ದೊಡ್ಡ ಅಂಕಿ ಇರುತ್ತಿದ್ದಿತೋ ಅವನನ್ನು ಮುಂದಿನ ಗಣಿಯವರು ಕರೆಯುತ್ತಿದ್ದರು. ಬಚ್ಚಿಟ್ಟರೆ ಕೆಲಸವಿಲ್ಲ, ತೋರಿಸಿದರೆ ಕೆಲಸವುಂಟು. ಲಾಭವು ಯಂತ್ರವನ್ನು ಇತರರಿಂದ ದೂರವಿಡುವುದರಿಂದ ಬರುತ್ತಿದ್ದಾಗ ಪ್ರಗತಿಗೆ ಅಡ್ಡಿಯಾಯಿತು. ಯಂತ್ರವನ್ನು ಎಲ್ಲರ ಕಣ್ಣೆದುರಿಗೆ ಚೆನ್ನಾಗಿ ನಡೆಸುವುದರಿಂದ ಬರುತ್ತಿದ್ದಾಗ ಪ್ರಗತಿಗೆ ಎಂಜಿನಾಯಿತು. ‘ಲಾಭಾಪೇಕ್ಷೆ’ ಎಂಬ ಒಂದೇ ಪದವು ಈ ಎರಡು ಬೇರೆ ಸಂಗತಿಗಳನ್ನೂ ಮುಚ್ಚಿಕೊಂಡಿರುವುದರಿಂದಲೇ ನಾವು ಆರಂಭದಲ್ಲಿ ಹೇಳಿದ ಚರ್ಚೆಯು ಬಗೆಹರಿಯದೆ ಉಳಿದಿರುವುದು.

ಈ ಏರ್ಪಾಡನ್ನು ಎಲ್ಲಿ ಬೇಕಾದರೂ ನೆಡಬಹುದೆಂದು ನಾವು ಹೇಳುವುದಿಲ್ಲ. ಅದೇ ಕಾಲದಲ್ಲಿ ಲ್ಯಾಂಕಷೈರಿನ ಹತ್ತಿಗಿರಣಿಗಳು ಒಂದರೊಡನೊಂದು ಬಟ್ಟೆಯ ಬೆಲೆಯಲ್ಲಿ ಸ್ಪರ್ಧಿಸುತ್ತಿದ್ದುವು, ಕಲ್ಲಿದ್ದಲು ಅಲ್ಲಿ ಅಗ್ಗ. ಕಾರ್ನ್‌ವಾಲಿನವರು ಮಾಡಿ ತೋರಿಸಿದ್ದ ಅಧಿಕ ಒತ್ತಡದ ಹಿಗ್ಗುವಿಕೆಯ ಕ್ರಮವನ್ನು ಅಲ್ಲಿನವರು ಬಹು ತಡವಾಗಿ, 1840ರ ದಶಕದ ಸುಮಾರಿಗೆ, ಕೈಗೊಂಡರು.

ಮತ್ತೊಂದು ನ್ಯೂನತೆಯನ್ನು ಮರೆಮಾಚಬಾರದು. ಸಣ್ಣ ಸಣ್ಣ ತಿದ್ದುಪಡಿಗಳನ್ನು ಪೋಷಿಸಿದ ಈ ಏರ್ಪಾಡು ದೊಡ್ಡ ಹೆಜ್ಜೆಯನ್ನಿಟ್ಟವನನ್ನು ಪೋಷಿಸಲಿಲ್ಲ. ಅಧಿಕ ಒತ್ತಡದ ಉಗಿಯನ್ನು ಧೈರ್ಯದಿಂದ ಬಳಸಿದವನು ಕಾರ್ನ್‌ವಾಲಿನವನೇ ಆದ ರಿಚರ್ಡ್ ಟ್ರೆವಿತಿಕ್. 1802ರಲ್ಲಿ ಆತನು ಆಂಡ್ರೂ ವಿವಿಯನ್ನನೊಡಗೂಡಿ ಪೇಟೆಂಟು ಪಡೆದನು. 1804ರಲ್ಲಿ ವೇಲ್ಸಿನ ಪೆನಿಡ್ಯಾರನ್‌ನಲ್ಲಿ ಹಳಿಗಳ ಮೇಲೆ ಉಗಿಬಂಡಿಯನ್ನು ಓಡಿಸಿದನು. 1812ರಲ್ಲಿ ವೀಲ್ ಪ್ರಾಸ್ಪರ್ ಗಣಿಯಲ್ಲಿ ಅಧಿಕ ಒತ್ತಡ, ಹಿಗ್ಗುವಿಕೆ, ಕಂಡೆನ್ಸರು ಮೂರನ್ನೂ ಒಂದುಗೂಡಿಸಿದ ಯಂತ್ರವನ್ನು ನಿಲ್ಲಿಸಿದನು. ‘ಕಾರ್ನಿಷ್ ಯಂತ್ರ’ವೆಂದು ಮುಂದೆ ಪ್ರಸಿದ್ಧವಾದುದು ಇದರ ಸಂತತಿಯೇ. ಇದಕ್ಕೆ ಆತನು ಪೇಟೆಂಟು ಪಡೆಯಲಿಲ್ಲ. ಸುಮಾರು ಅದೇ ಕಾಲದಲ್ಲಿ ಆರ್ಥರ್ ವೂಲ್ಫ್ ಎಂಬುವನು ಹಾರ್ನ್‌ಬ್ಲೋವರನ ಜೋಡಿ ಸಿಲಿಂಡರಿನ ಕ್ರಮವನ್ನು ಅಧಿಕ ಒತ್ತಡಕ್ಕೆ ಅಳವಡಿಸಿ, 1804ರಲ್ಲಿ ಪಡೆದ ಪೇಟೆಂಟಿನ ಆಧಾರದ ಮೇಲೆ ಕಾರ್ನ್‌ವಾಲಿಗೆ ತಂದನು. ಟ್ರೆವಿತಿಕ್‌ನ ಯಂತ್ರವು ರಚನೆಯಲ್ಲಿ ಸರಳ, ಅದಕ್ಕೆ ಯಾರಿಗೂ ಪಾಲು ತೆರಬೇಕಾಗಿಲ್ಲ. ಗಣಿಯವರು ಅದನ್ನೇ ಆರಿಸಿಕೊಂಡರು. ಕಾರ್ನ್‌ವಾಲಿನ ಗಣಿಗಳು ಅದರಿಂದ ಉಳಿಸಿದ ಕಲ್ಲಿದ್ದಲಿಗೆ ಲೆಕ್ಕವಿಲ್ಲ. ಟ್ರೆವಿತಿಕ್ 1816ರಲ್ಲಿ ಪೆರು ದೇಶದ ಗಣಿಗಳಿಗೆ ಹೋಗಿ, ಹತ್ತು ವರ್ಷಗಳ ಮೇಲೆ ಬರಿಗೈಯಲ್ಲಿ ಹಿಂದಿರುಗಿದನು. ತನ್ನ ಸೇವೆಗೆ ಪುರಸ್ಕಾರ ಬೇಕೆಂದು ಪಾರ್ಲಿಮೆಂಟಿಗೆ ಮಾಡಿಕೊಂಡ ಮನವಿ ಫಲಿಸಲಿಲ್ಲ. 1833ರಲ್ಲಿ ಡಾರ್ಟ್‌ಫರ್ಡಿನಲ್ಲಿ ಬಡವನಾಗಿ ತೀರಿಕೊಂಡನು. ವಾಟನ ಕಾಲದಲ್ಲಿ ಉಪಜ್ಞೆಗಾರನು ಶ್ರೀಮಂತನಾಗಿ ಉಪಜ್ಞೆ ನಿಂತಿತು. ಟ್ರೆವಿತಿಕ್‌ನ ಕಾಲದಲ್ಲಿ ಉಪಜ್ಞೆ ನಡೆದು ಉಪಜ್ಞೆಗಾರನು ನಿಂತನು. ಇಬ್ಬರಿಗೂ ನ್ಯಾಯ ಒದಗಿಸುವ ಏರ್ಪಾಡು ಯಾವುದೆಂಬುದಕ್ಕೆ ಕಾರ್ನ್‌ವಾಲಿನಲ್ಲಿ ಉತ್ತರವಿಲ್ಲ.

ತಿಂಗಳ ವರದಿಯೂ ಶಾಶ್ವತವಾಗಿ ತನ್ನ ಶಕ್ತಿಯನ್ನು ಉಳಿಸಿಕೊಳ್ಳಲಿಲ್ಲ. 1840ರ ದಶಕದ ನಡುವಿನ ಬಳಿಕ ಸರಾಸರಿ ದುಡಿಮೆ ಇಳಿಯತೊಡಗಿತು. ವರದಿಗೆ ಲೆಕ್ಕ ಕೊಡುವ ಗಣಿಗಳೂ ಕಡಿಮೆಯಾದುವು. ಉಗಿಯನ್ನು ಅತಿಯಾಗಿ ಹಿಗ್ಗಿಸಿದರೆ ಯಂತ್ರದ ಎಳೆತವು ಮೊದಲು ಜೋರಾಗಿ ಬಳಿಕ ಸಡಿಲವಾಗಿ, ಆಳದ ಗಣಿಗಳ ಉದ್ದನೆಯ ಕೊಳವೆದಂಡಗಳು ಮುರಿಯುತ್ತಿದ್ದುವು. ಉಳಿದ ಕಲ್ಲಿದ್ದಲಿಗಿಂತ ದುರಸ್ತಿಯ ವೆಚ್ಚ ಹೆಚ್ಚಾದೀತೆಂದು ಗಣಿಯವರು ಹಿಂಜರಿದರು. ಅದೂ ಲಾಭದ ಲೆಕ್ಕವೇ. 1866ರಲ್ಲಿ ತಾಮ್ರದ ಉದ್ಯಮ ಕುಸಿದುಬಿದ್ದಮೇಲೆ ಕಾರ್ನ್‌ವಾಲಿನ ಗಣಿಗಾರರು ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಗುಳೆಹೋದರು. ಕೆಲವರು ನಮ್ಮ ಕೋಲಾರಕ್ಕೂ ಬಂದರು. ಕಾರ್ನ್‌ವಾಲಿನ ದೊಡ್ಡ ಗಣಿಗಳಲ್ಲಿ ಒಂದಾದ ಕನ್ಸಾಲಿಡೇಟೆಡ್ ಗಣಿಯನ್ನು 1819ರಿಂದ ನಡೆಸಿದ ಜಾನ್ ಟೇಲರನ ವಂಶದವರ ಸಂಸ್ಥೆಯೇ, ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಹೆಸರಿನಲ್ಲಿ, 1880ರ ದಶಕದಿಂದ ಕೋಲಾರದ ಚಿನ್ನದ ಗಣಿಗಳ ಆಡಳಿತವನ್ನು ವಹಿಸಿಕೊಂಡಿತು. ಅಲ್ಲಿಯೂ ನೀರೆತ್ತುವುದು, ಅದಿರೆತ್ತುವುದು, ಕುಟ್ಟುವುದು ಎಲ್ಲವೂ ಮೊದಮೊದಲು ಉಗಿಯಿಂದಲೇ ನಡೆಯುತ್ತಿತ್ತು. 1902ರಲ್ಲಿ ಮೈಸೂರು ಸರ್ಕಾರವು ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ತಂತಿಯೆಳೆದು ಕಾವೇರಿಯ ವಿದ್ಯುಚ್ಛಕ್ತಿಯನ್ನು ಆ ಗಣಿಗಳಿಗೆ ಒದಗಿಸಿತು. ಅದಾದ ಎರಡು ವರ್ಷಕ್ಕೆ, 1904ರಲ್ಲಿ, ಲೀನ್ ಆರಂಭಿಸಿದ ವರದಿಯ ಕೊನೆಯ ಸಂಚಿಕೆ ಅಚ್ಚಾಯಿತು.